ಹೊಸ ಪದವೀಧರರಿಗೆ ಉದ್ಯೋಗ ಪ್ರಕಟಣೆ ಬರೆಯುವ ಕ್ರಮ: ಕರ್ನಾಟಕದ ಉದ್ಯೋಗದಾತರಿಗೂ ಪ್ಲೇಸ್‌ಮೆಂಟ್ ಅಧಿಕಾರಿಗಳಿಗೂ ಸಮಗ್ರ ಮಾರ್ಗದರ್ಶಿ

ಹತ್ತು ವರ್ಷ ದುಡಿದವರು ಉದ್ಯೋಗ ಪ್ರಕಟಣೆಯನ್ನು ಓದುವಾಗ ಬರೆದಿರುವುದರ ಜೊತೆಗೆ ಬರೆಯದೆ ಬಿಟ್ಟಿರುವುದನ್ನೂ ಓದಿಕೊಳ್ಳುತ್ತಾರೆ. ‘ಆಕರ್ಷಕ ವೇತನ’ ಎಂದಿದ್ದರೆ ಸಂಬಳ ಹೇಳಲು ಕಂಪನಿಗೆ ಮನಸ್ಸಿಲ್ಲವೆಂದೂ, ‘ಒತ್ತಡದಲ್ಲಿ ಕೆಲಸ ಮಾಡಬಲ್ಲವರು’ ಎಂದಿದ್ದರೆ ಅಲ್ಲಿ ಜನ ಕಡಿಮೆ, ಕೆಲಸ ಹೆಚ್ಚು ಎಂದೂ ಅವರಿಗೆ ತಿಳಿಯುತ್ತದೆ. ಹಾವೇರಿಯಲ್ಲೋ ರಾಯಚೂರಿನಲ್ಲೋ ಕೊನೆಯ ಸೆಮಿಸ್ಟರ್ ಓದುತ್ತಿರುವ ವಿದ್ಯಾರ್ಥಿಗೆ ಈ ಓದು ಇನ್ನೂ ಬಂದಿರುವುದಿಲ್ಲ. ಆತ ಪ್ರಕಟಣೆಯನ್ನು ಅಕ್ಷರಶಃ ನಂಬುತ್ತಾನೆ, ಅದನ್ನು ನಂಬಿ ಇನ್ನೊಂದು ಅವಕಾಶವನ್ನು ಕೈಬಿಡುತ್ತಾನೆ, ಬೆಂಗಳೂರಿನಲ್ಲಿ ಪಿಜಿಗೆ ಮುಂಗಡ ಕಟ್ಟುತ್ತಾನೆ. ಆದ್ದರಿಂದ ಫ್ರೆಶರ್‌ಗಳಿಗಾಗಿ ಬರೆಯುವ ಪ್ರಕಟಣೆಗೆ ಒಂದೇ ಒರೆಗಲ್ಲು ಸಾಕು: ಅದರಲ್ಲಿರುವ ಪ್ರತಿಯೊಂದು ಸಾಲೂ ಅರ್ಥ ಬದಲಾಗದೆ ಆಫರ್ ಲೆಟರಿನಲ್ಲಿ ಮತ್ತೆ ಕಾಣಿಸಿಕೊಳ್ಳಬಲ್ಲದೇ? ಕಾಣಿಸಿಕೊಳ್ಳಲಾರದ ಸಾಲನ್ನು ಮೊದಲೇ ತೆಗೆದುಹಾಕಬೇಕು.

ಈ ಮಾರ್ಗದರ್ಶಿ ಖಾಸಗಿ ಸಂಸ್ಥೆಗಳನ್ನೂ ಅವುಗಳ ಪ್ರಕಟಣೆಯನ್ನು ವಿದ್ಯಾರ್ಥಿಗಳಿಗೆ ತಲುಪಿಸುವ ಕಾಲೇಜುಗಳನ್ನೂ ಉದ್ದೇಶಿಸಿದೆ. ಸರ್ಕಾರಿ ನೇಮಕಾತಿಗೆ ಅದರದೇ ನಿಯಮಾವಳಿಗಳಿರುವುದರಿಂದ ಅದನ್ನು ಇಲ್ಲಿ ಸೇರಿಸಿಲ್ಲ.

ಹಂತ 1: ಕೊಡುತ್ತಿರುವುದು ಏನೆಂದು ಮೊದಲು ತೀರ್ಮಾನಿಸಿ

ಗೊಂದಲದ ಬಹುಪಾಲು ಹುಟ್ಟುವುದು ಇಲ್ಲಿ. ಉದ್ಯೋಗ, ಅಪ್ರೆಂಟಿಸ್‌ಶಿಪ್, ಇಂಟರ್ನ್‌ಶಿಪ್ ಮತ್ತು ಹಣ ಪಡೆದು ಕೊಡುವ ತರಬೇತಿ, ಈ ನಾಲ್ಕೂ ಕಾನೂನಿನ ಕಣ್ಣಿನಲ್ಲಿ ಬೇರೆ ಬೇರೆ. ಆದರೆ ಪ್ರಕಟಣೆಗಳಲ್ಲಿ ನಾಲ್ಕಕ್ಕೂ ‘ಟ್ರೈನಿ’ ಎಂಬ ಒಂದೇ ಹೆಸರು ಅಂಟಿರುತ್ತದೆ.

ಅಪ್ರೆಂಟಿಸ್‌ಶಿಪ್, ಅಂದರೆ ಶಿಶಿಕ್ಷು ತರಬೇತಿ, 1961ರ ಶಿಶಿಕ್ಷು ಅಧಿನಿಯಮದ ಅಡಿಯಲ್ಲಿ ನಡೆಯುವ ವ್ಯವಸ್ಥೆ. 30 ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಸಂಸ್ಥೆಯು ತನ್ನ ಒಟ್ಟು ಸಿಬ್ಬಂದಿಯ ಶೇ 2.5ರಿಂದ ಶೇ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕೆಂದು 2019ರಲ್ಲಿ ತಿದ್ದುಪಡಿಯಾದ ನಿಯಮಗಳು ಹೇಳುತ್ತವೆ. ಪದವೀಧರರು ಮತ್ತು ಡಿಪ್ಲೊಮಾ ಮುಗಿಸಿದವರಿಗೆ ಕೇಂದ್ರ ಶಿಕ್ಷಣ ಸಚಿವಾಲಯದ ‘ನ್ಯಾಟ್ಸ್’ ಯೋಜನೆಯಿದೆ, ಐಟಿಐ ಮತ್ತಿತರ ವೃತ್ತಿಗಳಿಗೆ ಕೌಶಲಾಭಿವೃದ್ಧಿ ಸಚಿವಾಲಯದ ‘ನ್ಯಾಪ್ಸ್’ ಯೋಜನೆಯಿದೆ. ಕರ್ನಾಟಕದಲ್ಲಿ ನ್ಯಾಟ್ಸ್ ಕೆಲಸವನ್ನು ನೋಡಿಕೊಳ್ಳುವುದು ಚೆನ್ನೈನಲ್ಲಿರುವ ದಕ್ಷಿಣ ವಲಯದ ಅಪ್ರೆಂಟಿಸ್‌ಶಿಪ್ ತರಬೇತಿ ಮಂಡಳಿ. 2019ರ ನಿಯಮಗಳು ಪದವೀಧರ ಅಪ್ರೆಂಟಿಸ್‌ಗೆ ತಿಂಗಳಿಗೆ ಕನಿಷ್ಠ 9,000 ರೂಪಾಯಿ, ಡಿಪ್ಲೊಮಾದವರಿಗೆ 8,000 ರೂಪಾಯಿ, ಐಟಿಐ ಪ್ರಮಾಣಪತ್ರದವರಿಗೆ 7,000 ರೂಪಾಯಿ ಸ್ಟೈಪೆಂಡನ್ನು ನಿಗದಿಪಡಿಸಿದವು. ಪ್ರಕಟಣೆ ಕೊಡುವ ದಿನ ಜಾರಿಯಲ್ಲಿರುವ ದರವನ್ನು ಆಯಾ ಯೋಜನೆಯ ಪೋರ್ಟಲಿನಲ್ಲಿ ನೋಡಿ ಅದನ್ನೇ ಬರೆಯಬೇಕು. ಇದು ಕನಿಷ್ಠ ಮೊತ್ತವಾದ್ದರಿಂದ ಹೆಚ್ಚು ಕೊಡಲು ಅಡ್ಡಿಯಿಲ್ಲ.

ಅಪ್ರೆಂಟಿಸ್ ಪ್ರಕಟಣೆಯಲ್ಲಿ ಎರಡು ಮಾತುಗಳನ್ನು ಮರೆಮಾಚಬಾರದು. ಮೊದಲನೆಯದು, ಅಧಿನಿಯಮದ 18ನೇ ಕಲಮಿನ ಪ್ರಕಾರ ಅಪ್ರೆಂಟಿಸ್ ತರಬೇತಿ ಪಡೆಯುವವನೇ ಹೊರತು ನೌಕರನಲ್ಲ. ಆದ್ದರಿಂದ ಭವಿಷ್ಯನಿಧಿ (ಪಿಎಫ್), ನೌಕರರ ರಾಜ್ಯ ವಿಮೆ (ಇಎಸ್‌ಐ) ಸೌಲಭ್ಯಗಳು ಅವನಿಗೆ ಅನ್ವಯವಾಗುವುದಿಲ್ಲ. ‘ಅಪ್ರೆಂಟಿಸ್ ಬೇಕಾಗಿದ್ದಾರೆ, ಪಿಎಫ್ ಮತ್ತು ಇಎಸ್‌ಐ ಇದೆ’ ಎಂಬ ಸಾಲು ಕಂಡರೆ, ಬರೆದವರಿಗೆ ತಾವು ಕೊಡುತ್ತಿರುವುದು ಏನೆಂದೇ ಗೊತ್ತಿಲ್ಲ ಎಂದು ತಿಳಿಯಬಹುದು. ಎರಡನೆಯದು, ತರಬೇತಿ ಮುಗಿದ ಮೇಲೆ ಕೆಲಸ ಸಿಗುತ್ತದೆಯೇ ಎಂಬ ಪ್ರಶ್ನೆ. 22ನೇ ಕಲಮು ಪ್ರತಿ ಸಂಸ್ಥೆಯೂ ಈ ಬಗ್ಗೆ ತನ್ನದೇ ನೀತಿಯನ್ನು ರೂಪಿಸಿಕೊಳ್ಳಬೇಕೆಂದು ಹೇಳುತ್ತದೆಯೇ ಹೊರತು ಕೆಲಸ ಕೊಡಲೇಬೇಕೆಂದು ಹೇಳುವುದಿಲ್ಲ. ಆ ನೀತಿ ಏನಿದೆಯೋ ಅದನ್ನು ಒಂದು ವಾಕ್ಯದಲ್ಲಿ ಬರೆದುಬಿಡಿ. ‘ನಂತರ ಕಾಯಂ ಮಾಡಿಕೊಳ್ಳಲಾಗುವುದು’ ಎಂದು ಬರೆಯುವ ಧೈರ್ಯವಿದ್ದರೆ, ಎಷ್ಟು ಮಂದಿಯನ್ನು, ಯಾವ ಆಧಾರದ ಮೇಲೆ ಎಂದೂ ಬರೆಯುವ ಧೈರ್ಯವಿರಬೇಕು.

ಇಂಟರ್ನ್‌ಶಿಪ್‌ಗೆಂದೇ ದೇಶದಲ್ಲಿ ಪ್ರತ್ಯೇಕ ಕಾನೂನಿಲ್ಲ. ಅದು ಕಾಲೇಜಿನ ಪಠ್ಯಕ್ರಮ, ಉನ್ನತ ಶಿಕ್ಷಣದ ನಿಯಂತ್ರಣ ಸಂಸ್ಥೆಗಳಾದ ಎಐಸಿಟಿಇ ಅಥವಾ ಯುಜಿಸಿಯ ಮಾರ್ಗಸೂಚಿ ಮತ್ತು ಕಂಪನಿಯ ಪತ್ರ, ಇವುಗಳ ಮೇಲೆ ನಿಂತಿದೆ. ಹಾಗಾಗಿ ಪ್ರಕಟಣೆಯೇ ಹೆಚ್ಚು ಹೇಳಬೇಕಾಗುತ್ತದೆ: ಎಷ್ಟು ವಾರ, ವಾರಕ್ಕೆ ಎಷ್ಟು ಗಂಟೆ, ಸ್ಟೈಪೆಂಡ್ ಇದೆಯೇ, ಮಾರ್ಗದರ್ಶನ ಮಾಡುವವರು ಯಾವ ಹುದ್ದೆಯವರು, ಕ್ರೆಡಿಟ್‌ಗೆ ಬೇಕಾದ ವರದಿಗೆ ಯಾರು ಸಹಿ ಹಾಕುತ್ತಾರೆ. ಸ್ಟೈಪೆಂಡ್ ಇಲ್ಲದಿದ್ದರೆ ‘ಸ್ಟೈಪೆಂಡ್ ಇಲ್ಲ’ ಎಂದೇ ಬರೆಯಬೇಕು; ‘ಅಮೂಲ್ಯ ಅನುಭವ’ ಎಂದು ಬರೆದು ಆ ವಿಷಯವನ್ನು ಸಂದರ್ಶನಕ್ಕೆ ಬಿಡಬಾರದು. ಇನ್ನೊಂದು ಎಚ್ಚರಿಕೆ: ಇಂಟರ್ನ್ ಎಂದು ಕರೆದು ಬಿಲ್ಲಿಂಗ್ ಕೌಂಟರಿನಲ್ಲೋ ಕಾಲ್ ಸೆಂಟರಿನಲ್ಲೋ ನಿತ್ಯದ ಕೆಲಸವನ್ನೇ ಮಾಡಿಸಿದರೆ, ಹೆಸರು ಏನೇ ಇರಲಿ, ಅದು ಉದ್ಯೋಗವೆಂದೂ ಕನಿಷ್ಠ ವೇತನ ಕೊಡಬೇಕೆಂದೂ ವಾದಿಸಲು ದಾರಿಯಾಗುತ್ತದೆ.

ಇನ್ನು, ಅಭ್ಯರ್ಥಿಯಿಂದ ಹಣ ಪಡೆದು ತರಬೇತಿ ಕೊಟ್ಟು ನಂತರ ಕೆಲಸ ಕೊಡಿಸುತ್ತೇವೆ ಎನ್ನುವುದು ಉದ್ಯೋಗ ಪ್ರಕಟಣೆಯೇ ಅಲ್ಲ. ಅದು ಕೋರ್ಸಿನ ಜಾಹೀರಾತು. ಅದನ್ನು ‘ನೇಮಕಾತಿ’ ಎಂಬ ಶೀರ್ಷಿಕೆಯಡಿ ಹಾಕಬಾರದು.

ಹಂತ 2: ಅರ್ಹತೆಯ ಸಾಲುಗಳನ್ನು ಕೆಲಸದಿಂದ ಹುಟ್ಟಿಸಿ, ಅಭ್ಯಾಸಬಲದಿಂದಲ್ಲ

‘ಟೆಲಿಕಾಲರ್ ಕೆಲಸಕ್ಕೆ ಅವಿವಾಹಿತ ಯುವತಿಯರು ಬೇಕಾಗಿದ್ದಾರೆ’, ‘ಫೀಲ್ಡ್ ಕೆಲಸಕ್ಕೆ ಹುಡುಗರು ಮಾತ್ರ’ ಎಂಬ ಸಾಲುಗಳು ನಮ್ಮ ಊರುಗಳ ಪ್ರಕಟಣೆಗಳಲ್ಲಿ ಇಂದಿಗೂ ಸರಾಗವಾಗಿ ಹರಿದಾಡುತ್ತವೆ. ಇವು ಅಸಭ್ಯವಷ್ಟೇ ಅಲ್ಲ, ಕಾನೂನುಬಾಹಿರವೂ ಹೌದು. ನೇಮಕಾತಿಯಲ್ಲಿ ಹೆಣ್ಣು ಗಂಡೆಂಬ ಭೇದ ಮಾಡಬಾರದೆಂದು 1976ರ ಸಮಾನ ವೇತನ ಅಧಿನಿಯಮದ 5ನೇ ಕಲಮು ಹೇಳುತ್ತಿತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ 2019ರ ವೇತನ ಸಂಹಿತೆಯ 3ನೇ ಕಲಮು ಅದೇ ನಿಷೇಧವನ್ನು ಮುಂದುವರಿಸಿದೆ. ತಮಿಳುನಾಡಿನ ಮೊಬೈಲ್ ಜೋಡಣಾ ಘಟಕವೊಂದು ವಿವಾಹಿತ ಮಹಿಳೆಯರನ್ನು ದೂರವಿಡುತ್ತಿದೆ ಎಂಬ ವರದಿ 2024ರಲ್ಲಿ ಬಂದಾಗ ಕೇಂದ್ರ ಕಾರ್ಮಿಕ ಸಚಿವಾಲಯವು ಅಂದು ಜಾರಿಯಲ್ಲಿದ್ದ ಆ 5ನೇ ಕಲಮನ್ನೇ ಉಲ್ಲೇಖಿಸಿ ರಾಜ್ಯ ಸರ್ಕಾರದಿಂದ ವಿವರ ಕೇಳಿತ್ತು. ರಾತ್ರಿ ಪಾಳಿ ಇದೆ ಎಂಬುದು ಮಹಿಳೆಯರನ್ನು ಹೊರಗಿಡಲು ಕಾರಣವಾಗದು. ಪಾಳಿ ಇದೆ ಎಂದೂ ಸಾರಿಗೆ ವ್ಯವಸ್ಥೆ ಹೀಗಿದೆ ಎಂದೂ ಬರೆದು, ಒಪ್ಪುವುದನ್ನು ಅವರಿಗೇ ಬಿಡಬೇಕು.

ಲಿಂಗತ್ವ ಅಲ್ಪಸಂಖ್ಯಾತರ ವಿರುದ್ಧ ನೇಮಕಾತಿಯಲ್ಲಿ ಭೇದ ಮಾಡುವುದನ್ನು ಅವರ ಹಕ್ಕುಗಳ ಸಂರಕ್ಷಣೆಗೆಂದೇ ಬಂದ 2019ರ ಅಧಿನಿಯಮ ನಿಷೇಧಿಸಿದೆ. ಹೀಗಾಗಿ ಅರ್ಜಿಯಲ್ಲಿ ಲಿಂಗದ ಕಾಲಮು ಬೇಕೇ ಬೇಕೆಂದಿದ್ದರೆ ಅದರಲ್ಲಿ ಎರಡೇ ಆಯ್ಕೆಗಳಿರಬಾರದು. ಎಚ್‌ಐವಿ ಪರೀಕ್ಷೆಯನ್ನು ಕೆಲಸಕ್ಕೆ ಪೂರ್ವಷರತ್ತಾಗಿಸುವುದನ್ನು 2017ರ ಎಚ್‌ಐವಿ ಮತ್ತು ಏಡ್ಸ್ ಅಧಿನಿಯಮ ತಡೆಯುತ್ತದೆ. ‘ವೈದ್ಯಕೀಯ ಪರೀಕ್ಷೆಗೆ ಒಳಪಟ್ಟು’ ಎಂದು ಬರೆಯುವ ಕಾರ್ಖಾನೆಗಳು ಇದನ್ನು ನೆನಪಿಡಬೇಕು. ಜಾತಿಯ ವಿಷಯವನ್ನು ಈಗ ಯಾರೂ ನೇರವಾಗಿ ಬರೆಯುವುದಿಲ್ಲ, ಆದರೆ ‘ಸಸ್ಯಾಹಾರಿಗಳಿಗೆ ಆದ್ಯತೆ’ ಎಂಬ ಸಾಲು ಯಾರನ್ನು ಒಳಗೆ ಕರೆಯುತ್ತಿದೆ, ಯಾರನ್ನು ಹೊರಗೆ ನಿಲ್ಲಿಸುತ್ತಿದೆ ಎಂದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಅಸ್ಪೃಶ್ಯತೆಯ ಕಾರಣಕ್ಕೆ ಉದ್ಯೋಗ ನಿರಾಕರಿಸುವುದು 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಅಧಿನಿಯಮದಡಿ ಅಪರಾಧ.

ಅಂಗವೈಕಲ್ಯವುಳ್ಳವರ ಬಗ್ಗೆ ಮೌನವೇ ಸಾಮಾನ್ಯ. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ಪ್ರತಿ ಸಂಸ್ಥೆಯೂ ಸಮಾನ ಅವಕಾಶ ನೀತಿಯನ್ನು ಪ್ರಕಟಿಸಬೇಕೆಂದು ಹೇಳುತ್ತದೆ. 20 ಅಥವಾ ಹೆಚ್ಚು ನೌಕರರಿರುವ ಖಾಸಗಿ ಸಂಸ್ಥೆಯ ನೀತಿಯಲ್ಲಿ ಅವರಿಗೆ ಸೂಕ್ತವಾದ ಹುದ್ದೆಗಳ ಪಟ್ಟಿಯೂ ಆಯ್ಕೆಯ ಕ್ರಮವೂ ಇರಬೇಕೆಂದು 2017ರ ನಿಯಮಗಳು ಸೇರಿಸುತ್ತವೆ. ಪ್ರಕಟಣೆಯಲ್ಲಿ ‘ಲಿಖಿತ ಪರೀಕ್ಷೆಗೆ ಲಿಪಿಕಾರರು, ಹೆಚ್ಚುವರಿ ಸಮಯ ಅಥವಾ ನೆಲಮಹಡಿಯ ಕೊಠಡಿ ಬೇಕಿದ್ದರೆ ಅರ್ಜಿಯಲ್ಲಿ ತಿಳಿಸಿ’ ಎಂಬ ಒಂದು ಸಾಲು ಸೇರಿಸಲು ಖರ್ಚೇನೂ ಇಲ್ಲ.

ಅಂಕ, ಬ್ಯಾಕ್‌ಲಾಗ್ (ತೇರ್ಗಡೆಯಾಗದೆ ಉಳಿದ ವಿಷಯ) ಮತ್ತು ಪಾಸ್‌ಔಟ್ ವರ್ಷದ ಷರತ್ತುಗಳನ್ನು ಕಾನೂನು ತಡೆಯುವುದಿಲ್ಲ, ಆದರೆ ವಿವೇಕ ತಡೆಯಬೇಕು. ‘ಎಸ್‌ಎಸ್‌ಎಲ್‌ಸಿ, ಪಿಯುಸಿ, ಪದವಿ ಮೂರರಲ್ಲೂ ಶೇ 60’ ಎಂಬ ಷರತ್ತು, ಹದಿನೈದನೆಯ ವಯಸ್ಸಿನಲ್ಲಿ ಕನ್ನಡ ಮಾಧ್ಯಮದ ಶಾಲೆಯೊಂದರಲ್ಲಿ ಗಣಿತದ ಮೇಷ್ಟ್ರಿಲ್ಲದೆ ಪರೀಕ್ಷೆ ಬರೆದ ಹುಡುಗಿಯನ್ನು, ಅವಳ ಪದವಿಯ ಅಂಕ ಎಷ್ಟೇ ಚೆನ್ನಾಗಿದ್ದರೂ ಹೊರಗೆ ಹಾಕುತ್ತದೆ. ಸಾವಿರಾರು ಅರ್ಜಿಗಳನ್ನು ಜರಡಿ ಹಿಡಿಯಲು ಏನಾದರೂ ಒಂದು ಬೇಕಲ್ಲ ಎಂಬುದು ಕಂಪನಿಗಳ ವಾದ, ಅದರಲ್ಲಿ ಹುರುಳಿಲ್ಲವೆಂದಲ್ಲ. ಆದರೂ ಪದವಿಯ ಅಂಕವೊಂದನ್ನೇ ಇಟ್ಟುಕೊಂಡು, ಉಳಿದದ್ದನ್ನು ಒಂದು ಗಂಟೆಯ ಪರೀಕ್ಷೆಗೆ ಬಿಡುವುದು ಹೆಚ್ಚು ನ್ಯಾಯದ ಜರಡಿ. ಸಿಜಿಪಿಎ ಕೇಳುವುದಾದರೆ, ಶೇಕಡಾವಾರಿಗೆ ಪರಿವರ್ತಿಸುವಾಗ ಆಯಾ ವಿಶ್ವವಿದ್ಯಾಲಯದ ಸೂತ್ರವನ್ನೇ ಒಪ್ಪುತ್ತೇವೆ ಎಂದು ಬರೆಯಿರಿ. ‘ಸಕ್ರಿಯ ಬ್ಯಾಕ್‌ಲಾಗ್ ಇರಬಾರದು’ ಎಂದರೆ ಯಾವ ದಿನಾಂಕಕ್ಕೆ ಎಂದೂ ಹೇಳಬೇಕು, ಏಕೆಂದರೆ ಮರುಮೌಲ್ಯಮಾಪನದ ಫಲಿತಾಂಶ ಬರುವುದು ತಡವಾಗಿಯೇ.

ಕನ್ನಡ ಬಲ್ಲವರು ಬೇಕೆಂದು ಕೇಳುವುದು ಗ್ರಾಹಕರೊಡನೆ, ರೋಗಿಗಳೊಡನೆ, ರೈತರೊಡನೆ ಮಾತನಾಡಬೇಕಾದ ಕೆಲಸಕ್ಕೆ ಸಹಜವಾದ ಅರ್ಹತೆ. ಓದಲು ಬರಬೇಕೇ, ಮಾತನಾಡಿದರೆ ಸಾಕೇ ಎಂಬುದನ್ನು ಸ್ಪಷ್ಟಪಡಿಸಿದರಾಯಿತು. ಸ್ಥಳೀಯರಿಗೆ ಮೀಸಲಾತಿ ಕಡ್ಡಾಯವೇ ಎಂದು ಹಲವರು ಕೇಳುತ್ತಾರೆ. ಖಾಸಗಿ ಉದ್ಯೋಗದಲ್ಲಿ ಸ್ಥಳೀಯರಿಗೆ ಪಾಲು ಕೊಡುವ ಮಸೂದೆಗೆ ರಾಜ್ಯ ಸಚಿವ ಸಂಪುಟ 2024ರ ಜುಲೈನಲ್ಲಿ ಒಪ್ಪಿಗೆ ನೀಡಿತು, ಆದರೆ ಕೆಲವೇ ದಿನಗಳಲ್ಲಿ ಅದನ್ನು ತಡೆಹಿಡಿಯಲಾಯಿತು. ಆ ಮಸೂದೆಯನ್ನು ಉಲ್ಲೇಖಿಸಿ ಪ್ರಕಟಣೆ ಹೊರಡಿಸುವುದು ಸರಿಯಲ್ಲ.

ಹಂತ 3: ಸಂಬಳವನ್ನು ಕೈಗೆ ಬರುವ ಲೆಕ್ಕದಲ್ಲಿ ಹೇಳಿ

ಹೊಸ ಪದವೀಧರರು ಅತಿ ಹೆಚ್ಚು ಏಮಾರುವುದು ಸಿಟಿಸಿ, ಅಂದರೆ ಒಬ್ಬ ನೌಕರನಿಗಾಗಿ ಕಂಪನಿ ವರ್ಷಕ್ಕೆ ಮಾಡುವ ಒಟ್ಟು ವೆಚ್ಚ, ಎಂಬ ಅಂಕಿಯಲ್ಲಿ. ಪ್ರಕಟಣೆಯಲ್ಲಿ ‘ವಾರ್ಷಿಕ 4.2 ಲಕ್ಷ’ ಎಂದಿದ್ದರೆ ವಿದ್ಯಾರ್ಥಿನಿ ಅದನ್ನು ಹನ್ನೆರಡರಿಂದ ಭಾಗಿಸಿ ತಿಂಗಳಿಗೆ 35,000 ಎಂದು ಮನೆಯಲ್ಲಿ ಹೇಳಿಬಿಡುತ್ತಾಳೆ. ಈಗ ಒಂದು ಮಾದರಿ ಲೆಕ್ಕ ನೋಡೋಣ. ಮೂಲ ವೇತನ ಅರ್ಧ, ಅಂದರೆ 2,10,000. ಕಂಪನಿ ತನ್ನ ಪಾಲಿನ ಭವಿಷ್ಯನಿಧಿಯನ್ನು ಮೂಲ ವೇತನದ ಶೇ 12ರಂತೆ ಸಿಟಿಸಿಯೊಳಗೇ ಸೇರಿಸಿದರೆ ಅದು 25,200. ಗ್ರ್ಯಾಚುಟಿ, ಅಂದರೆ ಕೆಲಸ ಬಿಡುವಾಗ ಸೇವೆಗಾಗಿ ಸಿಗುವ ಹಣ, ಮೂಲ ವೇತನದ ಶೇ 4.81ರಂತೆ 10,101. ‘ಕಾರ್ಯಕ್ಷಮತೆ ಆಧಾರಿತ’ ಮೊತ್ತ 42,000, ವಿಮೆಯ ಕಂತು 6,000 ಎಂದಿಟ್ಟುಕೊಳ್ಳಿ. ಇವೆಲ್ಲವನ್ನೂ ಕಳೆದರೆ ಉಳಿಯುವ ನಿಶ್ಚಿತ ಸಂಬಳ 3,36,699, ತಿಂಗಳಿಗೆ ಸುಮಾರು 28,058. ಅದರಿಂದ ಆಕೆಯ ಪಾಲಿನ ಭವಿಷ್ಯನಿಧಿ 2,100 ಮತ್ತು ತಿಂಗಳ ಸಂಬಳ 25,000 ಮುಟ್ಟಿದವರಿಗೆ ಕರ್ನಾಟಕದಲ್ಲಿ ಬೀಳುವ 200 ರೂಪಾಯಿ ವೃತ್ತಿ ತೆರಿಗೆ ಕಳೆದರೆ ಕೈಗೆ ಬರುವುದು 25,758. ಕಂಪನಿ ಎಲ್ಲಿಯೂ ಸುಳ್ಳು ಹೇಳಿಲ್ಲ, ಆದರೂ 9,000 ರೂಪಾಯಿಗಿಂತ ಹೆಚ್ಚಿನ ಅಂತರ ಬಿದ್ದಿದೆ. ಕಾಯಂ ನೌಕರರಿಗೆ ಗ್ರ್ಯಾಚುಟಿ ಸಾಮಾನ್ಯವಾಗಿ ಐದು ವರ್ಷದ ಸೇವೆಯ ನಂತರವೇ ಸಿಗುವುದರಿಂದ, ಎರಡು ವರ್ಷಕ್ಕೆ ಬೇರೆ ಕಡೆ ಹೋಗುವ ಫ್ರೆಶರ್‌ಗೆ ಆ 10,101 ಕಾಗದದ ಮೇಲಿನ ದುಡ್ಡು.

ಆದ್ದರಿಂದ ಪ್ರಕಟಣೆಯಲ್ಲಿ ಮೂರು ಅಂಕಿಗಳನ್ನು ಈ ಅನುಕ್ರಮದಲ್ಲಿ ಕೊಡಬೇಕು: ತಿಂಗಳ ನಿಶ್ಚಿತ ಸಂಬಳ, ಕಡಿತಗಳ ನಂತರ ಅಂದಾಜು ಕೈಗೆ ಬರುವ ಮೊತ್ತ, ಕೊನೆಗೆ ಸಿಟಿಸಿ. ತರಬೇತಿ ಅವಧಿಯಲ್ಲಿ ಸಂಬಳ ಕಡಿಮೆಯಿದ್ದರೆ ಅದರ ಮೊತ್ತವನ್ನೂ ಅವಧಿಯನ್ನೂ ಅದೇ ಸಾಲಿನಲ್ಲಿ ಹೇಳಬೇಕು. ‘6 ಲಕ್ಷದವರೆಗೆ’ ಎಂಬ ಬರವಣಿಗೆಯನ್ನು ಬಿಟ್ಟುಬಿಡಿ. ಫ್ರೆಶರ್‌ಗೆ ಆ ಮೇಲಿನ ಅಂಕಿ ಸಿಗುವುದಿಲ್ಲವೆಂದು ಬರೆದವರಿಗೂ ಗೊತ್ತಿರುತ್ತದೆ.

ಹಂತ 4: ಬಾಂಡ್, ಠೇವಣಿ, ಮೂಲ ಅಂಕಪಟ್ಟಿ

ಬಾಂಡ್, ಅಂದರೆ ಇಂತಿಷ್ಟು ಕಾಲಕ್ಕೆ ಮೊದಲು ಕೆಲಸ ಬಿಟ್ಟರೆ ಹಣ ಕೊಡುತ್ತೇನೆಂಬ ಕರಾರು, ಇದ್ದರೆ ಪ್ರಕಟಣೆಯಲ್ಲೇ ಹೇಳಬೇಕು, ಆಯ್ಕೆಯಾದ ಮೇಲೆ ಸಹಿಯ ದಿನ ಅಲ್ಲ. ಬಾಂಡ್ ಸಂಪೂರ್ಣ ಅಮಾನ್ಯ ಎಂದು ವಿದ್ಯಾರ್ಥಿಗಳೂ, ಬರೆದುಕೊಂಡಷ್ಟೂ ವಸೂಲಾಗುತ್ತದೆ ಎಂದು ಕಂಪನಿಗಳೂ ನಂಬಿರುತ್ತಾರೆ. ಎರಡೂ ನಂಬಿಕೆ ತಪ್ಪು. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯಿದ್ದ ವಿಜಯ ಬ್ಯಾಂಕಿನ ಪ್ರಕರಣದಲ್ಲಿ, ಮೂರು ವರ್ಷಕ್ಕೆ ಮೊದಲು ಬಿಟ್ಟರೆ 2 ಲಕ್ಷ ರೂಪಾಯಿ ಕೊಡಬೇಕೆಂಬ ಷರತ್ತನ್ನು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಎತ್ತಿಹಿಡಿಯಿತು; ಅದು, ವೃತ್ತಿಗೆ ಅಡ್ಡಿಯಾಗುವ ಕರಾರನ್ನು ಅಮಾನ್ಯಗೊಳಿಸುವ 1872ರ ಕರಾರು ಅಧಿನಿಯಮದ 27ನೇ ಕಲಮಿಗೆ ವಿರುದ್ಧವಲ್ಲ ಎಂದಿತು. ಆದರೆ ಅಲ್ಲಿದ್ದದ್ದು ಸಾರ್ವಜನಿಕ ವಲಯದ ಬ್ಯಾಂಕು, ಹಿರಿಯ ವ್ಯವಸ್ಥಾಪಕರ ಹುದ್ದೆ, ಮತ್ತೆ ನೇಮಕಾತಿ ನಡೆಸಲು ತಗಲುವ ನಿಜವಾದ ಖರ್ಚು. ತಿಂಗಳಿಗೆ 15,000 ಕೊಟ್ಟು, ಎರಡು ವಾರ ತರಬೇತಿ ನೀಡಿ, 3 ಲಕ್ಷದ ಬಾಂಡ್ ಬರೆಸಿಕೊಳ್ಳುವವರು ಈ ತೀರ್ಪನ್ನು ತೋರಿಸಿ ಹೆದರಿಸುವುದು ಸಲ್ಲದು; ಅದೇ ಅಧಿನಿಯಮದ 74ನೇ ಕಲಮು ಬರೆದುಕೊಂಡ ಮೊತ್ತದ ಮಿತಿಯೊಳಗೆ ಸಮಂಜಸವಾದ ಪರಿಹಾರವನ್ನಷ್ಟೇ ಕೊಡಿಸುತ್ತದೆ. ಪ್ರಕಟಣೆಯಲ್ಲಿ ಬಾಂಡಿನ ಅವಧಿ, ಮೊತ್ತ, ಆ ಮೊತ್ತ ಯಾವ ಖರ್ಚಿಗೆ ಸಂಬಂಧಿಸಿದ್ದು, ತಿಂಗಳು ಕಳೆದಂತೆ ಕಡಿಮೆಯಾಗುತ್ತದೆಯೇ, ಈ ನಾಲ್ಕೂ ಇರಲಿ.

ನೋಂದಣಿ ಶುಲ್ಕ, ಲ್ಯಾಪ್‌ಟಾಪ್ ಠೇವಣಿ, ಸಮವಸ್ತ್ರದ ಮುಂಗಡ ಎಂದು ಅಭ್ಯರ್ಥಿಯಿಂದ ಹಣ ಕೇಳಬಾರದು. ಮೂಲ ಅಂಕಪಟ್ಟಿಯನ್ನು ಒತ್ತೆಯಿಟ್ಟುಕೊಳ್ಳುವುದು ಇನ್ನೂ ಕೆಟ್ಟದ್ದು. ಪರಿಶೀಲಿಸಿ ಆಗಲೇ ಹಿಂದಿರುಗಿಸಿ, ಅಥವಾ ಡಿಜಿಲಾಕರ್‌ನಲ್ಲಿ ನೋಡಿ ಮುಗಿಸಿ.

ಹಂತ 5: ಸ್ಥಳ, ವೇಳೆ, ಆಯ್ಕೆಯ ಕ್ರಮ

ಕೆಲಸದ ಸ್ಥಳ ‘ಬೆಂಗಳೂರು’ ಎಂದಷ್ಟೇ ಬರೆದರೆ ಸಾಲದು. ವೈಟ್‌ಫೀಲ್ಡ್‌ಗೂ ಬಿಡದಿಗೂ ನಡುವೆ ಬಾಡಿಗೆಯ ಲೆಕ್ಕವೂ ಪ್ರಯಾಣದ ಲೆಕ್ಕವೂ ಬೇರೆ. ಗ್ರಾಹಕ ಕಂಪನಿಯಲ್ಲಿ ನಿಯೋಜನೆಯಾಗುವುದಿದ್ದರೆ ಸಂಬಳ ಕೊಡುವವರು ಯಾರು, ಕೆಲಸ ಮಾಡಿಸುವವರು ಯಾರು ಎಂಬುದನ್ನು ಹೇಳಬೇಕು. ಒಟ್ಟು ಎಷ್ಟು ಹುದ್ದೆ, ಎಷ್ಟು ಸುತ್ತು, ಆನ್‌ಲೈನೋ ಮುಖಾಮುಖಿಯೋ, ಫಲಿತಾಂಶ ಯಾವ ದಿನಾಂಕದೊಳಗೆ, ಕೆಲಸಕ್ಕೆ ಸೇರುವುದು ಯಾವ ತಿಂಗಳು, ಇವು ಚಿಕ್ಕ ಸಾಲುಗಳು. ಸೇರುವ ದಿನಾಂಕವನ್ನು ಸೆಮಿಸ್ಟರ್ ಪರೀಕ್ಷೆ ಮುಗಿದ ನಂತರಕ್ಕೆ ಇಡಿ.

ಹಂತ 6: ಅರ್ಜಿಯಲ್ಲಿ ಎಷ್ಟು ಕೇಳಬೇಕೋ ಅಷ್ಟೇ ಕೇಳಿ

ಮೊದಲ ಅರ್ಜಿಗೆ ಹೆಸರು, ಸಂಪರ್ಕ, ಓದು, ಅಂಕ ಸಾಕು. ಆಧಾರ್ ಪ್ರತಿ, ಪ್ಯಾನ್, ಬ್ಯಾಂಕ್ ವಿವರ, ತಂದೆಯ ವೃತ್ತಿ, ಜಾತಿ, ವೈವಾಹಿಕ ಸ್ಥಿತಿ ಇವು ಆ ಹಂತದಲ್ಲಿ ಯಾವ ಕೆಲಸಕ್ಕೂ ಬಾರದ ಮಾಹಿತಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮದ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿವೆ, ಮುಖ್ಯ ಕರ್ತವ್ಯಗಳು ಹಂತ ಹಂತವಾಗಿ ಜಾರಿಗೆ ಬರುತ್ತವೆ. ಈಗಿನಿಂದಲೇ ಅದಕ್ಕೆ ಹೊಂದಿಕೊಳ್ಳುವುದು ಜಾಣತನ. ಯಾವ ಮಾಹಿತಿಯನ್ನು ಏತಕ್ಕಾಗಿ ಪಡೆಯುತ್ತಿದ್ದೇವೆ ಎಂಬ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಯಲ್ಲಿ ಓದುವ ಆಯ್ಕೆಯನ್ನು ಅದು ವ್ಯಕ್ತಿಗೆ ಕೊಡುತ್ತದೆ, ಅಂದರೆ ಕನ್ನಡದಲ್ಲಿ ಕೇಳುವ ಹಕ್ಕಿದೆ. 18 ತುಂಬದವರ ದತ್ತಾಂಶಕ್ಕೆ ಪೋಷಕರ ಒಪ್ಪಿಗೆ ಬೇಕು. ಎಸ್‌ಎಸ್‌ಎಲ್‌ಸಿ ನಂತರ ನೇರವಾಗಿ ಐಟಿಐ ಅಥವಾ ಡಿಪ್ಲೊಮಾಕ್ಕೆ ಸೇರಿದವರಲ್ಲಿ ಇಂಥವರು ಅನೇಕರಿರುತ್ತಾರೆ.

ಹಂತ 7: ಬರೆದು ನೋಡಿ

ತುಮಕೂರಿನ ವಸಂತನರಸಾಪುರದ ಕಾರ್ಖಾನೆಯೊಂದು ಬರೆಯಬಹುದಾದ ಪ್ರಕಟಣೆಯ ಮಾದರಿ ಹೀಗಿದೆ, ಅಂಕಿಗಳು ಉದಾಹರಣೆಗಾಗಿ:

‘ಗುಣಮಟ್ಟ ಪರೀಕ್ಷಾ ವಿಭಾಗದಲ್ಲಿ ಕಿರಿಯ ಎಂಜಿನಿಯರ್, 6 ಹುದ್ದೆಗಳು. ಇದು ಆರು ತಿಂಗಳ ಪರೀಕ್ಷಾರ್ಥ ಅವಧಿಯುಳ್ಳ ಕಾಯಂ ಉದ್ಯೋಗ. ಕೆಲಸ: ಯಂತ್ರದ ಬಿಡಿಭಾಗಗಳನ್ನು ಅಳೆದು ದಾಖಲಿಸುವುದು, ದೋಷದ ವರದಿ ಸಿದ್ಧಪಡಿಸುವುದು. ಅರ್ಹತೆ: ಮೆಕ್ಯಾನಿಕಲ್ ಡಿಪ್ಲೊಮಾ ಅಥವಾ ಬಿಇ, ಸೇರುವ ದಿನಕ್ಕೆ ಎಲ್ಲ ವಿಷಯಗಳಲ್ಲಿ ತೇರ್ಗಡೆಯಾಗಿರಬೇಕು. ಎಲ್ಲ ಲಿಂಗದವರೂ ಅರ್ಜಿ ಹಾಕಬಹುದು. ತಿಂಗಳ ನಿಶ್ಚಿತ ಸಂಬಳ 24,000 ರೂಪಾಯಿ, ಭವಿಷ್ಯನಿಧಿ ಕಳೆದು ಅಂದಾಜು 22,500 ರೂಪಾಯಿ ಕೈಗೆ ಬರುತ್ತದೆ. ವಾರಕ್ಕೆ 48 ಗಂಟೆ, ಎರಡು ಪಾಳಿ, ತುಮಕೂರು ಬಸ್ ನಿಲ್ದಾಣದಿಂದ ಕಾರ್ಖಾನೆಯ ಬಸ್ ಇದೆ. ಬಾಂಡ್ ಇಲ್ಲ, ಯಾವುದೇ ಶುಲ್ಕವಿಲ್ಲ. ಆಯ್ಕೆ: ಒಂದು ಲಿಖಿತ ಪರೀಕ್ಷೆ, ಒಂದು ಸಂದರ್ಶನ, ಕನ್ನಡದಲ್ಲಿ ಉತ್ತರಿಸಬಹುದು. ವಿಶೇಷ ವ್ಯವಸ್ಥೆ ಬೇಕಾದವರು ಅರ್ಜಿಯಲ್ಲಿ ತಿಳಿಸಿ.’

ಇದರಲ್ಲಿ ‘ಕ್ರಿಯಾಶೀಲ’, ‘ಉತ್ಸಾಹಿ’ ಎಂಬ ಪದಗಳಿಲ್ಲ. ಯಾರೂ ತಮ್ಮನ್ನು ನಿರುತ್ಸಾಹಿ ಎಂದುಕೊಂಡು ಅರ್ಜಿ ಹಾಕದೆ ಉಳಿಯುವುದಿಲ್ಲವಾದ್ದರಿಂದ ಅವು ವ್ಯರ್ಥ.

ಹಂತ 8: ಎಲ್ಲಿ ಪ್ರಕಟಿಸಬೇಕು

ಅಪ್ರೆಂಟಿಸ್ ಅವಕಾಶವನ್ನು ಆಯಾ ಯೋಜನೆಯ ಪೋರ್ಟಲಿನಲ್ಲಿ ದಾಖಲಿಸಲೇಬೇಕು, ಕರಾರಿನ ನೋಂದಣಿ ನಡೆಯುವುದೂ ಅಲ್ಲಿಯೇ. ಉದ್ಯೋಗಗಳಿಗೆ ಕೇಂದ್ರದ ನ್ಯಾಷನಲ್ ಕೆರಿಯರ್ ಸರ್ವಿಸ್ ಮತ್ತು ರಾಜ್ಯದ ಸ್ಕಿಲ್ ಕನೆಕ್ಟ್ ಪೋರ್ಟಲುಗಳಿವೆ. ಖಾಲಿ ಹುದ್ದೆಗಳನ್ನು ಉದ್ಯೋಗ ವಿನಿಮಯ ಕೇಂದ್ರಕ್ಕೆ ತಿಳಿಸುವ ಕರ್ತವ್ಯ 1959ರ ಕಾನೂನಿನಿಂದ ಬಂದದ್ದು, ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಸೇರಿದೆ. ಬಹಳಷ್ಟು ಮಧ್ಯಮ ಗಾತ್ರದ ಸಂಸ್ಥೆಗಳು ಇದನ್ನು ಮರೆತೇಬಿಟ್ಟಿವೆ. ಕಾಲೇಜುಗಳಿಗೆ ಕಳುಹಿಸುವಾಗ ಬೆಂಗಳೂರು, ಮೈಸೂರು, ಮಂಗಳೂರಿನ ನಾಲ್ಕಾರು ಹೆಸರಾಂತ ಕಾಲೇಜುಗಳ ಆಚೆಗೂ ನೋಡಬೇಕು. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿಗೆ ಹೋಗುವ ಪ್ರಕಟಣೆಯನ್ನು ಕನ್ನಡದಲ್ಲಿಯೂ ಕಳುಹಿಸಿದರೆ ಅದನ್ನು ಮನೆಯವರೂ ಓದುತ್ತಾರೆ. ಕೆಲಸಕ್ಕೆ ಕಳುಹಿಸುವ ತೀರ್ಮಾನ ಅನೇಕ ಮನೆಗಳಲ್ಲಿ ಅವರದೇ.

ಹಂತ 9: ಪ್ಲೇಸ್‌ಮೆಂಟ್ ಅಧಿಕಾರಿ ಹಂಚುವ ಮೊದಲು

ಕಾಲೇಜಿನ ಗುಂಪಿನಲ್ಲಿ ಹಂಚಿದ ಪ್ರಕಟಣೆಗೆ ಕಾಲೇಜಿನ ಮುದ್ರೆ ಬಿದ್ದಂತೆ. ಆದ್ದರಿಂದ ಕಂಪನಿಯ ನೋಂದಣಿಯನ್ನು ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ನೋಡಬೇಕು, ಮಿಂಚಂಚೆ ಕಂಪನಿಯ ಸ್ವಂತ ವಿಳಾಸದಿಂದ ಬಂದಿದೆಯೇ ಎಂದು ಪರಿಶೀಲಿಸಬೇಕು, ಮತ್ತು ಕಂಪನಿಯ ಜಾಲತಾಣದಲ್ಲಿರುವ ದೂರವಾಣಿಗೇ ಕರೆ ಮಾಡಿ ಖಚಿತಪಡಿಸಿಕೊಳ್ಳಬೇಕು. ಪ್ರಕಟಣೆಯಲ್ಲಿ ಕೊಟ್ಟ ಮೊಬೈಲ್‌ಗೆ ಕರೆ ಮಾಡಿದರೆ ವಂಚಕನೇ ಎತ್ತಿ ಹೌದೆನ್ನುತ್ತಾನೆ. ವಿದೇಶದ ಕೆಲಸವಾದರೆ ನಿಯಮ ಇನ್ನೂ ಬಿಗಿ: 1983ರ ವಲಸೆ ಅಧಿನಿಯಮದಡಿ ನೋಂದಾಯಿತ ಏಜೆಂಟರು ಅಥವಾ ಪರವಾನಗಿ ಪಡೆದ ಉದ್ಯೋಗದಾತರು ಮಾತ್ರ ನೇಮಕ ಮಾಡಿಕೊಳ್ಳಬಹುದು, ಏಜೆಂಟರ ನೋಂದಣಿ ಇ-ಮೈಗ್ರೇಟ್ ಪೋರ್ಟಲಿನಲ್ಲಿ ಸಿಗಬೇಕು. ಸಂವಹನ ಕೌಶಲದ ತರಬೇತಿ ಕಡ್ಡಾಯ, ಅದಕ್ಕೆ ಶುಲ್ಕವಿದೆ ಎಂದು ಪೂಲ್ ಡ್ರೈವ್ (ಹಲವು ಕಾಲೇಜುಗಳ ವಿದ್ಯಾರ್ಥಿಗಳಿಗೆ ಒಟ್ಟಾಗಿ ನಡೆಸುವ ನೇಮಕಾತಿ) ಮುಗಿದ ಮೇಲೆ ಹೇಳುವವರಿಗೆ ಮತ್ತೆ ಆವರಣದೊಳಗೆ ಜಾಗ ಕೊಡಬಾರದು. ವಿದ್ಯಾರ್ಥಿಯೊಬ್ಬ ಈಗಾಗಲೇ ಹಣ ಕಳಿಸಿಬಿಟ್ಟಿದ್ದರೆ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿಸಿ; ದೂರು ಬೇಗ ದಾಖಲಾದಷ್ಟೂ ಹಣವನ್ನು ಖಾತೆಯಲ್ಲೇ ತಡೆಯುವ ಸಾಧ್ಯತೆ ಹೆಚ್ಚು.

ಹಂತ 10: ಪ್ರಕಟವಾದ ನಂತರ

ಪ್ರಕಟಣೆ ಹೊರಬಿದ್ದ ಮೇಲೆ ಸಂಬಳ, ಸ್ಥಳ ಅಥವಾ ಹುದ್ದೆಗಳ ಸಂಖ್ಯೆ ಬದಲಾದರೆ ಹಳೆಯದನ್ನು ಸದ್ದಿಲ್ಲದೆ ತಿದ್ದಬಾರದು. ತಿದ್ದುಪಡಿಯ ದಿನಾಂಕ ಹಾಕಿ ಈಗಾಗಲೇ ಅರ್ಜಿ ಹಾಕಿದವರಿಗೂ ಕಳುಹಿಸಬೇಕು. ಕೊನೆಯ ದಿನಾಂಕ ಮುಗಿದೊಡನೆ ಪ್ರಕಟಣೆಯನ್ನು ಎಲ್ಲ ಕಡೆಯಿಂದ ತೆಗೆಸಬೇಕು, ಏಕೆಂದರೆ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಅದು ಮುಂದಿನ ವರ್ಷವೂ ಓಡಾಡುತ್ತದೆ. ದಿನಾಂಕವನ್ನು ವರ್ಷಸಹಿತ ಚಿತ್ರದೊಳಗೇ ಬರೆಯುವುದು ಇದಕ್ಕೆ ಅರ್ಧ ಪರಿಹಾರ. ಆಯ್ಕೆಯಾಗದವರಿಗೆ ಎರಡು ಸಾಲಿನ ಉತ್ತರ ಕಳುಹಿಸಿ. ಪ್ರಕಟಣೆಯ ಅಂತಿಮ ಪ್ರತಿ, ತಿದ್ದುಪಡಿಗಳು ಮತ್ತು ಕೊಟ್ಟ ಆಫರ್ ಲೆಟರ್‌ಗಳನ್ನು ಒಂದೇ ಕಡತದಲ್ಲಿ ಇಟ್ಟುಕೊಂಡಿದ್ದರೆ, ಮುಂದಿನ ವರ್ಷದ ನೇಮಕಾತಿಗೆ ಮೊದಲು ಎರಡನ್ನೂ ಪಕ್ಕಪಕ್ಕದಲ್ಲಿಟ್ಟು, ಹೊಂದದ ಸಾಲುಗಳು ಯಾವುವೆಂದು ಗುರುತುಹಾಕಿ, ಹೊಸ ಪ್ರಕಟಣೆಯನ್ನು ಅಲ್ಲಿಂದಲೇ ತಿದ್ದಲು ಶುರುಮಾಡಬಹುದು.